ನರಕದ ಅವಧಿ ತುಂಬಲು ಹೋಗಿ

ಸತ್ತ ಮೇಲೆ ಆಗುವ ಶಿಕ್ಷೆಯ ಬಗ್ಗೆ ಬೈಬಲಿನಲ್ಲಿ ಎಲ್ಲೆಲ್ಲಿ ಏನೇನಿದೆಯೋ ಅದನ್ನೆಲ್ಲ ಹುಡುಕಿ, ಒಂದಕ್ಕೊಂದು ಹೊಂದಿಸಿ, ಒಂದೇ ಒಂದು ಉತ್ತರ ಮಾಡಿಕೊಡಬೇಕು ಎಂದು ಮ್ಯಾನೇಜರು ಹೇಳಿದಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಗೋಡೆಯ ಬಿಳಿ ಬೋರ್ಡಿನ ಮೇಲೆ ‘ಒಂದು ಪ್ರಶ್ನೆ, ಒಂದು ಉತ್ತರ’ ಎಂದು ಮೊದಲೇ ಬರೆದಿತ್ತು. ಅದರ ಕೆಳಗೆ ಇನ್ನೊಂದು ಗೆರೆ ಎಳೆದು ನನ್ನ ಮುಖ ನೋಡಿದರು.

ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದ ಒಂದು ಕಾರ್ಪೆಟ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆ ನಮ್ಮ ಕಂಪನಿ. ಆಗ ಆ ಊರಿನಲ್ಲಿ ನಾಯಿ ಬಿಸ್ಕತ್ತಿಗೂ ಒಂದು ವೆಬ್‌ಸೈಟು ಹುಟ್ಟುತ್ತಿದ್ದ ಕಾಲ. ನಮ್ಮದು ಬೈಬಲಿನ ಸೈಟು. ಓದುಗರು ಪ್ರಶ್ನೆ ಟೈಪು ಮಾಡಬೇಕು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಒಂದು ವಾಕ್ಯ, ಅದರ ಕೆಳಗೆ ಅಧ್ಯಾಯದ ನಂಬರು, ವಾಕ್ಯದ ನಂಬರು ಬರಬೇಕು. ಮಿಕ್ಕ ವಾಕ್ಯಗಳು ಬೇಕೆನ್ನುವವರು ‘ಇನ್ನಷ್ಟು’ ಎಂಬಲ್ಲಿ ಒತ್ತಬೇಕು. ನಾನು ಲೈಬ್ರರಿಯಲ್ಲಿ ವಿಷಯಸೂಚಿ ಮಾಡಿ ಪಳಗಿದವಳು, ಬೈಬಲು ಬಲ್ಲವಳು ಎಂದು ನನ್ನನ್ನು ಸೇರಿಸಿಕೊಂಡಿದ್ದರು. ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಮನೆಯಲ್ಲಿ ಹುಟ್ಟಿದ ನನಗೆ ಅದು ಬಾರದೆ ಇದ್ದಿದ್ದರೆ ಅಪ್ಪ ರಾತ್ರಿ ಊಟಕ್ಕೆ ಕೂರಿಸುತ್ತಿರಲಿಲ್ಲ.

ಪ್ರೋಗ್ರಾಮು ಬರೆಯುತ್ತಿದ್ದವರು ಮಂಡ್ಯದವರು. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಕನ್ನಡ ಕೇಳಿದರೆ ಯಾರೋ ಪುಸ್ತಕ ಓದಿದ ಹಾಗೆ ಇರುತ್ತದೆ ಎಂದು ಅವರಿಗೆ ತಮಾಷೆ. ಅವರು ಮಾತಾಡಿದರೆ ಜಗಳಕ್ಕೆ ಬಂದರೇನೋ ಎಂದು ನನಗೆ ಮೊದಮೊದಲು ಗಾಬರಿಯಾಗುತ್ತಿತ್ತು. ಈ ಕೆಲಸ ನನ್ನ ತಲೆಗೆ ಬಂದ ದಿನ ಅವರು ಕಾಫಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಮೇಡಂ, ಆ ಉತ್ತರ ರೆಡಿಯಾದ್ರೆ ಮೊದ್ಲು ನಂಗ್ ಹೇಳಿ. ಮನೇಲಿ ಒಬ್ಳು ಕಾಯ್ತಾವ್ಳೆ.”

“ಯಾರು ಮಾರಾಯ್ರೆ?”

“ನನ್ ಮಗ್ಳು. ನಮ್ಮಪ್ಪ ಹೋದ್ರಲ್ಲ, ಆಗಿಂದ ತಾತ ಎಲ್ಲೋದ್ರು, ತಾತ ಎಲ್ಲೋದ್ರು ಅಂತ ಒಂದೇ ಸಮ. ಸ್ವರ್ಗಕ್ಕೋದ್ರು ಅಂದೆ. ಸ್ಕೂಲಲ್ಲಿ ಜೊತೆ ಹುಡ್ಗಿ ಇಲ್ಲ ಅಂದ್ಳಂತೆ. ಜೀಸಸ್‌ನ ನಂಬ್ದೋರ್ ಹೋಗಲ್ವಂತೆ. ನಂಗೇನ್ ಗೊತ್ತು? ನಿಮ್ ಬುಕ್ಕಲ್ಲಿ ಸರಿಯಾಗಿ ಏನೈತೆ ಅಂತ ನೋಡಿ ಹೇಳ್ಬಿಡಿ. ಅವ್ಳಿಗೊಂದು ಸಮಾಧಾನ ಆಗ್ಲಿ.”

ಎರಡನೇ ಕ್ಲಾಸಿನ ಹುಡುಗಿ. ಆಫೀಸಿನ ಪಿಕ್ನಿಕ್ಕಿನಲ್ಲಿ ಒಂದು ಸಲ ನೋಡಿದ್ದೆ. ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸರಿ, ನೋಡಿ ಹೇಳುತ್ತೇನೆ ಎಂದೆ. ಹೇಳುವಾಗ ಅದೊಂದು ದೊಡ್ಡ ಮಾತು ಎಂದು ನನಗೆ ಅನ್ನಿಸಲಿಲ್ಲ.

ಕೆಲಸ ಶುರುವಾಯಿತು. ಮಂಡ್ಯದವರು ನನಗೊಂದು ಪಟ್ಟಿ ಮಾಡಿಕೊಟ್ಟರು. ಒಂದೊಂದು ವಾಕ್ಯಕ್ಕೂ ಒಂದೊಂದು ಸಾಲು. ಯಾವ ಪುಸ್ತಕ, ಎಷ್ಟನೇ ಅಧ್ಯಾಯ, ಶಿಕ್ಷೆ ಯಾರಿಗೆ, ಎಂಥ ಶಿಕ್ಷೆ ಎಂದು ಅಡ್ಡಕ್ಕೆ ಕಾಲಮ್ಮುಗಳು. ನಾನು ಬೈಬಲನ್ನು ಮೊದಲ ಪುಟದಿಂದ ತೆಗೆದುಕೊಂಡು ಸಾಲು ತುಂಬುತ್ತ ಹೋದೆ. ಪ್ರಸಂಗಿ ಎಂಬ ಪುಸ್ತಕ ಹೇಳುತ್ತದೆ, ಸತ್ತವರಿಗೆ ಏನೂ ತಿಳಿಯುವುದಿಲ್ಲ ಎಂದು. ಮತ್ತಾಯನ ಸುವಾರ್ತೆಯ ಒಂದು ಕಡೆ ದೇವರು ಆತ್ಮವನ್ನೂ ದೇಹವನ್ನೂ ನಾಶಮಾಡಬಲ್ಲ ಎಂದಿದೆ, ಅಂದರೆ ಉರಿಯಲು ಏನೂ ಉಳಿಯುವುದಿಲ್ಲ. ಅದೇ ಮತ್ತಾಯನ ಇನ್ನೊಂದು ಕಡೆ ಶಿಕ್ಷೆಗೆ ಕೊನೆಯೇ ಇಲ್ಲ. ಲೂಕನಲ್ಲಿ ಯಜಮಾನನ ಮನಸ್ಸು ತಿಳಿಯದೆ ತಪ್ಪು ಮಾಡಿದ ಆಳಿಗೆ ಕೆಲವೇ ಏಟು, ತಿಳಿದೂ ಮಾಡಿದವನಿಗೆ ಬಹಳ ಏಟು. ಪೌಲನೋ, ಆದಾಮನಿಂದ ಎಲ್ಲರೂ ಸತ್ತ ಹಾಗೆ ಕ್ರಿಸ್ತನಿಂದ ಎಲ್ಲರೂ ಬದುಕುವರು ಎನ್ನುತ್ತಾನೆ. ಎಲ್ಲರೂ ಎಂದರೆ ಎಲ್ಲರೂ ತಾನೆ?

ಇವೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿದ್ದವೇ. ಆದರೆ ಒಂದನ್ನು ಒಂದು ಭಾನುವಾರ, ಇನ್ನೊಂದನ್ನು ಇನ್ನೊಂದು ಭಾನುವಾರ ಕೇಳಿದ್ದೆ. ಒಂದೇ ಪರದೆಯ ಮೇಲೆ ಒಂದರ ಕೆಳಗೊಂದು ಅವು ಎಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗೆ ಬಿದ್ದಾಗ ನಾನು ದಂಗಾದೆ. ನಾಲ್ಕು ದಶಕ ಇಟ್ಟುಕೊಂಡಿದ್ದ ನಂಬಿಕೆಯನ್ನು ಯಾರೋ ಬಂದು ಅಲ್ಲಾಡಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲಿ ಬೇರೆ ಯಾರೂ ಇರಲಿಲ್ಲ, ನಾನೇ ಟೈಪು ಮಾಡಿದ ಸಾಲುಗಳು ಇದ್ದವು. ಗಂಡನಿಗೆ ಹೇಳಿದರೆ, “ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ, ಪಾದ್ರಿಗಳು ನೋಡಿಕೊಳ್ತಾರೆ” ಎಂದು ಟೀವಿ ಕಡೆ ತಿರುಗಿದರು.

ಪಾದ್ರಿಗಳನ್ನೂ ಕೇಳಿದ್ದಾಯಿತು. ಕಂಪನಿಗೆ ಸಲಹೆ ಕೊಡಲು ಇಬ್ಬರಿದ್ದರು. ಒಬ್ಬರು ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಊರಿನಲ್ಲಿದ್ದ ನಿವೃತ್ತ ಪಾದ್ರಿ. ಬೆಳ್ಳುಳ್ಳಿ ವಾಸನೆ ಬರುವ ಹಿತ್ತಲಿನಲ್ಲಿ ಕೂರಿಸಿ, ನಿಂಬೆ ಪಾನಕ ಕೊಟ್ಟು, ಬೆಂಕಿ ಎಂದರೆ ಬೆಂಕಿಯೇ, ಅದರಲ್ಲಿ ಹೊಂದಿಸುವುದಕ್ಕೆ ಏನೂ ಇಲ್ಲ ಎಂದು ಬಹಳ ಪ್ರೀತಿಯಿಂದ ಹೇಳಿದರು. ಇನ್ನೊಬ್ಬರು ನಮ್ಮ ಆಫೀಸಿನ ಪಕ್ಕದ ಯೂನಿವರ್ಸಿಟಿಯ ಪ್ರೊಫೆಸರು. ಇಷ್ಟು ಶತಮಾನಗಳಲ್ಲಿ ಇಷ್ಟು ಜನ ಬರೆದದ್ದು ಒಂದೇ ಮಾತು ಯಾಕೆ ಹೇಳಬೇಕು, ಹೊಂದಿಸಲು ಹೊರಟಿರುವುದೇ ತಪ್ಪು ಎಂದರು. ಪಾದ್ರಿ ಹೇಳಿದ್ದನ್ನು ಪ್ರೊಫೆಸರಿಗೂ ಪ್ರೊಫೆಸರು ಹೇಳಿದ್ದನ್ನು ಪಾದ್ರಿಗೂ ಇಮೇಲು ಮಾಡಿದೆ. ಇಬ್ಬರೂ ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಮ್ಯಾನೇಜರು ದಿನಾ ಬಂದು ಆಯಿತೇ ಎಂದು ಕೇಳುತ್ತಿದ್ದರು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಯಾವುದು ನಿಜ ಎಂದು ನಾವು ತೀರ್ಮಾನ ಮಾಡುವುದು ಬೇಡ. ಹಗುರವಾದ ಶಿಕ್ಷೆ ಮೊದಲು ಬರಲಿ, ಕಠಿಣವಾದದ್ದು ಕೊನೆಗೆ ಬರಲಿ. ದುಃಖದಲ್ಲಿ ಕೇಳುವವರ ಕಣ್ಣಿಗೆ ಮೊದಲು ಆ ‘ಕೆಲವೇ ಏಟು’ ಬೀಳಲಿ. ಮ್ಯಾನೇಜರಿಗೆ ಹಿಡಿಸಿತು. ಹಗುರ, ಕಠಿಣ ಎನ್ನುವುದನ್ನು ಕಂಪ್ಯೂಟರಿಗೆ ಹೇಗೆ ತಿಳಿಸುವುದು ಎಂದು ಕೇಳಿದಾಗ ಮಂಡ್ಯದವರು ಅದೇನು ಮಹಾ ಎಂಬಂತೆ ಪಟ್ಟಿಗೆ ಇನ್ನೊಂದು ಕಾಲಮ್ಮು ಸೇರಿಸಿದರು. ಎಷ್ಟು ಕಾಲ ಎಂದು ಅದರ ಹೆಸರು. ಅದರೊಳಗೆ ನಂಬರು ಮಾತ್ರ ಕೂರುತ್ತಿತ್ತು. ಚಿಕ್ಕ ನಂಬರಿನ ಶಿಕ್ಷೆ ಮೇಲೆ, ದೊಡ್ಡ ನಂಬರಿನ ಶಿಕ್ಷೆ ಕೆಳಗೆ.

ತುಂಬುತ್ತ ತುಂಬುತ್ತ ನಾನು ಒಂದು ಕಡೆ ನಿಂತೆ.

“ಇದಕ್ಕೆ ನಂಬರು ಎಂತ ಹಾಕುವುದು? ಮುಗಿಯುವುದೇ ಇಲ್ಲ ಅಂತ ಉಂಟಲ್ಲ?”

ಅವರು ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು. “ಮುಗಿಯೋದೇ ಇಲ್ವಾ? ಅದೆಂಗ್ ಮೇಡಂ? ನಮ್ ಯಮಧರ್ಮನೇ ಎಣ್ಣೆ ಕೊಪ್ಪರಿಗೇಲಿ ಕುದಿಸಿ ಕುದಿಸಿ ಕೊನೇಗೊಂದಿನ ಎತ್ತಿ ಆಚೆಗಾಕ್ತಾನೆ. ಪಾಪ ಎಷ್ಟೋ ಶಿಕ್ಷೆ ಅಷ್ಟು. ಮುಗೀತು, ಮತ್ತೆ ಹುಟ್ಟು.”

“ಇಲ್ಲಿ ಹಾಗಿಲ್ಲ.”

“ಸುಮ್ನಿರಿ ಮೇಡಂ, ನೀವು ಸರಿಯಾಗ್ ಓದಿರಲ್ಲ. ಎಲ್ಲೋ ಮುಂದೆ ಬರ್ದಿರ್ತಾರೆ. ಈಗ ಖಾಲಿ ಬಿಡಿ, ಸಿಕ್ಕಿದ್ಮೇಲೆ ತುಂಬೋಣ.”

ನಾನು ತಮಾಷೆ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಶಿಕ್ಷೆ ಎಂದ ಮೇಲೆ ಅದಕ್ಕೊಂದು ಅವಧಿ ಇರಲೇಬೇಕು ಎನ್ನುವುದು ಅವರಿಗೆ ಹಗಲು ರಾತ್ರಿಯಷ್ಟು ಸಹಜ. ಕೊನೆಯಿಲ್ಲದ ಬೆಂಕಿಗೂ, ಅವಧಿ ಹೇಳದೆ ಬಿಟ್ಟ ಇನ್ನೂ ಕೆಲವು ವಾಕ್ಯಗಳಿಗೂ ನಾನು ಆ ಕಾಲಮ್ಮನ್ನು ಖಾಲಿ ಬಿಟ್ಟೆ. ಸೈಟನ್ನು ಪರೀಕ್ಷೆಗೆಂದು ಕೆಲವು ಚರ್ಚುಗಳವರಿಗೂ ಪರಿಚಯದ ಮನೆಗಳಿಗೂ ತೆರೆದರು. ಫೋನ್ ಲೈನಿನಲ್ಲಿ ಪುಟ ಎಷ್ಟು ನಿಧಾನ ಬರುತ್ತದೆ ಎಂದು ನೋಡಲು ಮಂಡ್ಯದವರು ಕ್ಯಾಂಪ್‌ಬೆಲ್‌ನ ತಮ್ಮ ಅಪಾರ್ಟ್‌ಮೆಂಟಿನಲ್ಲೂ ಅದನ್ನು ಹಾಕಿಕೊಂಡರು. ಉತ್ತರ ಇನ್ನೂ ಸಿಕ್ಕಿಲ್ಲ, ಮಗಳಿಗೆ ಸ್ವಲ್ಪ ತಡೆಯಲು ಹೇಳಿ ಎಂದೆ. “ಈಗ ಕೇಳೋದೇ ಬಿಟ್ಟವ್ಳೆ ಮೇಡಂ, ಮರ್ತೋಗಿರ್ಬೇಕು” ಎಂದರು. ನನಗೂ ಹಗುರವಾಯಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಅವರು ಬಹಳ ಖುಷಿಯಲ್ಲಿದ್ದರು.

“ಮೇಡಂ, ರಕ್ತ ಎಲ್ಲೋದ್ರೂ ರಕ್ತಾನೇ. ಪುಟ್ಟಿ ನೋಡಿ, ಯಾರೂ ಹೇಳ್ಕೊಟ್ಟಿಲ್ಲ, ಬಿಟ್ಟಿಲ್ಲ, ದಿನಾ ತಾತನ ಫೋಟೋಗೆ ನೀರು ಬಿಡ್ತಾಳೆ. ಫೋನಲ್ಲಿ ಅಮ್ಮಂಗೆ ಹೇಳ್ದೆ. ಗಂಡ್ಮಕ್ಳು ಮರೆಯೋದ್ನ ಮೊಮ್ಮಗ್ಳು ಮಾಡ್ತಾವ್ಳಲ್ಲ ಅಂತ ಅತ್ತೇಬಿಟ್ರು.”

“ನೀರು ಬಿಡುವುದಾ? ತರ್ಪಣದ ಹಾಗೆ?”

“ಅದೇ. ಆದ್ರೆ ಅವ್ಳದ್ದೇ ಒಂದು ರೀತಿ. ಲೋಟದಲ್ಲಿ ನೀರಿಟ್ಕೊಂಡು, ಬೆರಳ ತುದೀನ ಅದ್ದಿ, ಫೋಟೋದಲ್ಲಿ ತಾತನ ಬಾಯಿ ಇದೆಯಲ್ಲ, ಅಲ್ಲಿಗೆ ಮುಟ್ಟಿಸ್ತಾಳೆ. ಮತ್ತೆ ಅದ್ದೋದು, ಮತ್ತೆ ಮುಟ್ಸೋದು. ಸಾಕು ಬಾ ಅಂದ್ರೂ ಏಳಲ್ಲ.”

ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಬೆರಳ ತುದಿ, ನೀರು, ನಾಲಿಗೆ. ಅದು ತರ್ಪಣವಲ್ಲ. ಅದು ಲೂಕನ ಹದಿನಾರನೆಯ ಅಧ್ಯಾಯ. ಬಾಗಿಲಲ್ಲಿ ಬಿದ್ದಿದ್ದ ಹಸಿದ ಲಾಜರನಿಗೆ ತುತ್ತು ಕೊಡದೆ ಉಂಡು ಸತ್ತ ಸಾಹುಕಾರ ಬೆಂಕಿಯಲ್ಲಿ ಬೇಯುತ್ತ, ಆಚೆ ಕಡೆ ಸತ್ತ ಲಾಜರನನ್ನು ಪಕ್ಕದಲ್ಲಿ ಕೂರಿಸಿಕೊಂಡಿರುವ ಮೂಲಪಿತೃ ಅಬ್ರಹಾಮನನ್ನು ಬೇಡಿಕೊಳ್ಳುತ್ತಾನೆ. ಲಾಜರನನ್ನು ಕಳಿಸು, ಅವನು ಬೆರಳ ತುದಿಯನ್ನು ನೀರಲ್ಲಿ ಅದ್ದಿ ನನ್ನ ನಾಲಿಗೆ ತಣ್ಣಗೆ ಮಾಡಲಿ, ಈ ಉರಿ ತಡೆಯಲಾಗುತ್ತಿಲ್ಲ ಎಂದು.

ಡಬ್ಬಿ ಅಲ್ಲೇ ಬಿಟ್ಟು ನನ್ನ ಕಂಪ್ಯೂಟರಿಗೆ ಓಡಿದೆ. ಒಂದು ಮಗು ಟೈಪು ಮಾಡುವ ಹಾಗೆಯೇ ಟೈಪು ಮಾಡಿದೆ. ಸತ್ತ ಮೇಲೆ ತಾತ ಎಲ್ಲಿಗೆ ಹೋಗುತ್ತಾರೆ. ಪುಟ ಮೇಲಿನಿಂದ ನಿಧಾನವಾಗಿ ತೆರೆದುಕೊಂಡಿತು. ದಪ್ಪಕ್ಷರದಲ್ಲಿ ಸಾಹುಕಾರನ ಆ ಒಂದು ವಾಕ್ಯ, ಕೆಳಗೆ ನಂಬರು. ಬಾಗಿಲು, ಹಸಿದವನು, ಕೊಡದ ತುತ್ತು, ಯಾವುದೂ ಇಲ್ಲ. ಬೆಂಕಿ ಮತ್ತು ಬಾಯಾರಿಕೆ, ಅಷ್ಟೇ. ‘ಕೆಲವೇ ಏಟು’ ಎಲ್ಲೋ ಹಿಂದೆ, ‘ಇನ್ನಷ್ಟು’ ಒತ್ತಿದವರಿಗೆ ಮಾತ್ರ ಸಿಗುವಂತಿತ್ತು.

ಮಂಡ್ಯದವರು ನನ್ನ ಹಿಂದೆ ಬಂದು ನಿಂತಿದ್ದರು. “ಇದ್ಯಾಕೆ ಮೊದ್ಲು ಬಂತು? ಇದು ಕೊನೇಲಿರ್ಬೇಕು” ಎಂದವರು ಅಲ್ಲೇ ತಡೆದರು. ಅವರಿಗೆ ತಟ್ಟನೆ ಹೊಳೆದಿತ್ತು. ಆ ಸಾಲಿಗೆ ನಂಬರು ಇರಲಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವಾಗ ನಂಬರೇ ಇಲ್ಲದ್ದನ್ನು ಕಂಪ್ಯೂಟರು ಎಲ್ಲಕ್ಕಿಂತ ಚಿಕ್ಕದು ಎಂದುಕೊಂಡು ತಲೆಯ ಮೇಲೆ ಕೂರಿಸಿತ್ತು. ಎಲ್ಲಕ್ಕಿಂತ ಹಗುರವಾದ ಶಿಕ್ಷೆ ಎಂದು ನಾವು ಲೋಕಕ್ಕೆ ತೋರಿಸುತ್ತಿದ್ದದ್ದು ಕೊನೆಯೇ ಇಲ್ಲದ ಬೆಂಕಿಯನ್ನು.

“ಪುಟ್ಟಿ ಇದನ್ನ ಓದಿದ್ದಾಳೆ” ಎಂದೆ. ನೀರಿನ ಅರ್ಥವನ್ನೂ ಹೇಳಿದೆ. ಹೇಳದೆ ಇರಲಾಗಲಿಲ್ಲ.

ಅವರು ಪಕ್ಕದ ಕುರ್ಚಿ ಎಳೆದು ಕೂತರು. “ನಾನು ಖುಷಿ ಪಟ್ನಲ್ಲ ಮೇಡಂ” ಎಂದರು. “ನಿಂತ್ಕೊಂಡು ನೋಡ್ಕೊಂಡು ಖುಷಿ ಪಟ್ನಲ್ಲ.”

ಇಬ್ಬರೂ ಮ್ಯಾನೇಜರ ಹತ್ತಿರ ಹೋದೆವು. ಅವರು ಕೇಳಿಸಿಕೊಂಡರು, ಅಯ್ಯೋ ಪಾಪ ಎಂದರು, ಆಮೇಲೆ ತಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಇಡೀ ಸೈಟಿನಲ್ಲಿ ಜನ ಅತಿ ಹೆಚ್ಚು ಹೊತ್ತು ನಿಲ್ಲುವ ಪುಟ ಅದೇ ಅಂತೆ. ಬಂದವರೇ ಮತ್ತೆ ಮತ್ತೆ ಬರುತ್ತಾರಂತೆ. ಮಾರನೆಯ ದಿನ ಹಣ ಹಾಕುವವರು ನೋಡಲು ಬರುವವರಿದ್ದರು. ಅದು ತಪ್ಪಿನಿಂದ ಮೇಲೆ ಬಂದಿದ್ದರೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಈಗ ಮುಟ್ಟುವುದು ಬೇಡ ಎಂದರು.

ನನಗೆ ಕಿವಿಯನ್ನೇ ನಂಬಲಾಗಲಿಲ್ಲ. “ಅವರು ಓದುತ್ತಾ ಇಲ್ಲ, ಹೆದರಿ ಕೂತಿದ್ದಾರೆ” ಎಂದೆ. “ಮನೆಯಲ್ಲಿ ಯಾರನ್ನೋ ಕಳೆದುಕೊಂಡವರು ಮಾತ್ರ ಈ ಪ್ರಶ್ನೆ ಕೇಳುತ್ತಾರೆ.”

“ಹಾಗಾದರೆ ನಮ್ಮ ಓದುಗರು ಯಾರೆಂದು ನಮಗೆ ಗೊತ್ತಾಯಿತು” ಎಂದರು ಅವರು. ಕೆಟ್ಟ ಮನುಷ್ಯನಲ್ಲ. ನನ್ನ ಹುಟ್ಟುಹಬ್ಬಕ್ಕೆ ಕೇಕು ತರಿಸಿದ್ದವರು. ಆ ಮಾತನ್ನು ಅಷ್ಟು ಸಾಧಾರಣವಾಗಿ ಹೇಳಿದ್ದೇ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಹೊರಗೆ ಬಂದು ಮಂಡ್ಯದವರು ಸೀದಾ ತಮ್ಮ ಕುರ್ಚಿಯಲ್ಲಿ ಕೂತರು. “ಆ ಕಾಲಮ್ಮೇ ಕಿತ್ತಾಕ್ತೀನಿ. ಹಾಕ್ದೋನು ನಾನು, ತೆಗ್ಯೋನೂ ನಾನೇ. ಅದ್ರ ಜಾಗಕ್ಕೆ ಏನ್ ಹಾಕ್ಲಿ, ನೀವೇಳಿ” ಎಂದರು. ಕೆಲಸ ಹೋದರೆ ಅವರ ವೀಸಾ ಕೂಡ ಹೋಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಇಷ್ಟು ದಿನ ಹೊಂದಿಸಲು ಹೆಣಗಿದ್ದನ್ನು ನಾನು ಆ ಹೊತ್ತಿನಲ್ಲಿ ಕೈಬಿಟ್ಟೆ. ಎಲ್ಲ ವಾಕ್ಯಗಳನ್ನೂ, ಅವುಗಳ ಹಿಂದಿನ ಮುಂದಿನ ಕಥೆಯ ಸಮೇತ, ಒಂದೇ ಪುಟದಲ್ಲಿ ಹಾಕಿಸಿದೆ. ದಪ್ಪಕ್ಷರ ತೆಗೆಸಿದೆ. ಇವು ಒಂದೇ ಮಾತು ಹೇಳುವುದಿಲ್ಲ, ನಂಬಿದವರೇ ಇವನ್ನು ಬೇರೆ ಬೇರೆ ರೀತಿ ಓದಿದ್ದಾರೆ, ಯಾರು ಎಲ್ಲಿದ್ದಾರೆ ಎಂದು ಈ ಪುಟ ಹೇಳಲಾರದು ಎಂದು ಮೇಲೆ ಬರೆದೆ. ಮಂಡ್ಯದವರು ಅದನ್ನು ಸೈಟಿಗೆ ಏರಿಸಿದರು. ಮಾರನೆಯ ದಿನ ಮ್ಯಾನೇಜರು ನಮ್ಮಿಬ್ಬರ ಮೇಲೆ ಕೂಗಾಡಿದ್ದು, ಹಣ ಹಾಕುವವರು ಆ ಪುಟವನ್ನು ತೆರೆಯದೆಯೇ ಎದ್ದು ಹೋದದ್ದು, ಆ ಬೀದಿಯ ಎಷ್ಟೋ ಕಂಪನಿಗಳ ಹಾಗೆ ನಮ್ಮದೂ ಬಾಗಿಲು ಹಾಕಿದ್ದು ಎಲ್ಲ ಆಮೇಲಿನ ಮಾತು. ಅಂದು ಪುಟ ಏರಿಸಿದ ಕೂಡಲೇ ಕಾರು ತೆಗೆದುಕೊಂಡು ಅವರ ಹಿಂದೆಯೇ ಕ್ಯಾಂಪ್‌ಬೆಲ್‌ಗೆ ಹೊರಟೆ. ಫ್ರೀವೇಯಲ್ಲಿ ಟ್ರಾಫಿಕ್ಕು ಕಿಕ್ಕಿರಿದಿತ್ತು. ಮಗುವಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಪುಟ್ಟಿ ಹಾಲಿನ ಮೂಲೆಯಲ್ಲಿ ಫೋಟೋದ ಮುಂದೆ ಕೂತಿದ್ದಳು. ಪಕ್ಕದಲ್ಲಿ ಸ್ಟೀಲ್ ಲೋಟ. ಫೋಟೋದ ಗಾಜಿನ ಕೆಳಗೆ ನೀರು ಇಳಿದು ತಾತನ ಗಲ್ಲ, ಅಂಗಿಯ ಕಾಲರು ಉಬ್ಬಿಕೊಂಡಿದ್ದವು. ಅವಳ ತೋರುಬೆರಳ ತುದಿ ನೆನೆದು ನೆನೆದು ಸುಕ್ಕಾಗಿತ್ತು. ಚಾಪೆಯ ಮೇಲೆ ಅವಳ ಎದುರಿಗೆ ಕೂತೆ.

“ಪುಟ್ಟಿ, ತಾತನಿಗೆ ಯಾಕೆ ನೀರು ಕೊಡ್ತಿದ್ದಿ?”

“ಹೀ ಈಸ್ ಥರ್ಸ್ಟಿ” ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ಸ್ವಲ್ಪ ತಡೆದು, “ಬಟ್ ಐ ಥಿಂಕ್ ಇಟ್ ಡಸಂಟ್ ರೀಚ್” ಎಂದಳು.

ಅವಳು ‘ಇನ್ನಷ್ಟು’ ಕೂಡ ಒತ್ತಿದ್ದಳು. ಸಾಹುಕಾರನಿಗೂ ನೀರಿಗೂ ನಡುವೆ ದೊಡ್ಡ ಕಂದಕವಿದೆ, ಯಾರೂ ದಾಟಲಾಗದು ಎಂದು ಎರಡು ವಾಕ್ಯ ಮುಂದೆ ಇದೆ. ಅದನ್ನೂ ಓದಿಕೊಂಡು, ಮುಟ್ಟುವುದಿಲ್ಲ ಎಂದು ತಿಳಿದೂ, ದಿನಾ ಕೂತು ಬೆರಳು ಅದ್ದುತ್ತಿದ್ದಳು. ಅವಳ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಗರಬಡಿದವರಂತೆ ನಿಂತಿದ್ದರು.

ಪಾದ್ರಿ ಹೇಳಿದ್ದು ನೆನಪಾಯಿತು, ಪ್ರೊಫೆಸರು ಹೇಳಿದ್ದೂ ನೆನಪಾಯಿತು. ಕೆಲವೇ ಏಟು ಎಂಬ ವಾಕ್ಯ ನಾಲಿಗೆಯ ತುದಿಗೆ ಬಂತು. ಆ ಮಗುವಿಗೆ ತಾತನಿಗೆ ಕೆಲವೇ ಏಟು ಎಂದು ಹೇಗೆ ಹೇಳಲಿ? ಎಲ್ಲರೂ ಬದುಕುವರು ಎಂಬ ಪೌಲನ ಮಾತಿತ್ತು. ಅದನ್ನೂ ಹಾಗಲ್ಲ ಹೀಗೆ ಎಂದು ಬಿಡಿಸಿದವರ ಮಾತು ನನ್ನ ಕಿವಿಯಲ್ಲೇ ಇತ್ತು. ಆಮೇಲೆ ನನ್ನ ಬಾಯಿಂದ ಬಂದದ್ದನ್ನು ಕೇಳಿ ನಾನೇ ಬೆಚ್ಚಿದೆ.

“ನಿನ್ನ ತಾತ ಆ ಬೆಂಕಿಯಲ್ಲಿ ಇಲ್ಲ. ಅವರಿಗೆ ಬಾಯಾರಿಕೆ ಇಲ್ಲ.”

ಪುಟ್ಟಿ ಅದ್ದಿದ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ನೀರು ಚಾಪೆಯ ಮೇಲೆ ತೊಟ್ಟಿಕ್ಕಿತು. “ವಿಚ್ ವರ್ಸ್?” ಎಂದು ಕೇಳಿದಳು, ಬೈಬಲಿನ ಯಾವ ವಾಕ್ಯ ಎಂದು.

ಉತ್ತರ ಎಂದರೆ ಕೆಳಗೊಂದು ನಂಬರು ಇರಬೇಕು. ಅದನ್ನು ಅವಳು ನಮ್ಮ ಸೈಟಿನಿಂದಲೇ ಕಲಿತಿದ್ದಳು. ಹದಿನಾಲ್ಕನೇ ವಯಸ್ಸಿಗೇ ಬೈಬಲ್ ಸ್ಪರ್ಧೆಗಳಲ್ಲಿ ಬಹುಮಾನ ಹೊಡೆದ ನಾನು ಪಟ್ಟಿಯ ಸಾಲುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ತಿರುವಿದೆ.

“ವಾಕ್ಯ ಇಲ್ಲ ಪುಟ್ಟಿ. ನಾನೇ ಹೇಳ್ತಿದ್ದೇನೆ.”

ಅವಳು ಯೋಚಿಸಿದಳು. ಲೋಟದ ಕಡೆ ನೋಡಿದಳು, ಫೋಟೋದ ಕಡೆ ನೋಡಿದಳು, ಬೆರಳನ್ನು ಫ್ರಾಕಿಗೆ ಒರೆಸಿಕೊಂಡಳು. ನಂಬಿದಳು ಎಂದು ನನಗೆ ಗೊತ್ತಾಯಿತು, ಯಾಕೆಂದರೆ ಅವಳ ಮುಖದಲ್ಲಿ ಈಗ ಇನ್ನೊಂದು ಗಾಬರಿ ಕಾಣಿಸಿತು.

“ಆಂಟಿ, ವಿಲ್ ಯು ಗೆಟ್ ಪನಿಶ್ಡ್ ಫಾರ್ ಸೇಯಿಂಗ್ ದಟ್?”

ಇಲ್ಲ ಎನ್ನಲು ಹೋದೆ. ಅದಕ್ಕೂ ನನ್ನ ಹತ್ತಿರ ವಾಕ್ಯ ಇರಲಿಲ್ಲ. “ಗೊತ್ತಿಲ್ಲ” ಎಂದೆ.

ಪುಟ್ಟಿ ಎರಡೂ ಕೈಯಲ್ಲಿ ಲೋಟ ಎತ್ತಿಕೊಂಡು, ಚೆಲ್ಲದ ಹಾಗೆ ಮೆಲ್ಲಗೆ ಬಂದು ಅದನ್ನು ನನ್ನ ತುಟಿಗೆ ಹಿಡಿದಳು. “ದೆನ್ ಡ್ರಿಂಕ್ ನೌ” ಎಂದಳು. ಒಂದು ಹನಿ ಬಿಡದೆ ಕುಡಿದೆ.